ಮಜ್ಜಿಗೆ ಹುಲ್ಲಿನ ಎಣ್ಣೆ ಬಟ್ಟಿ: ಉರಿ ಎಲ್ಲಿ ತಪ್ಪಿತು ಎಂದು ಹುಡುಕುವ ಕೈಪಿಡಿ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಕಾಫಿ ತೋಟದ ಅಂಚಿನಲ್ಲಿ, ಅರಸೀಕೆರೆ ಕಡೆ ತೆಂಗಿನ ಸಾಲಿನ ನಡುವೆ ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್) ಹಾಕಿಕೊಂಡು ಮನೆಯಲ್ಲೇ ಎಣ್ಣೆ ಇಳಿಸಲು ಹೊರಟವರಿಗೆ ಮೊದಲ ಎರಡು ಮೂರು ಬಟ್ಟಿ ಕೈಕೊಡುವುದು ಸಾಮಾನ್ಯ. ಹುಲ್ಲು ಚೆನ್ನಾಗಿರುತ್ತದೆ, ಹಂಡೆಯೂ ಗಟ್ಟಿಯಾಗಿರುತ್ತದೆ, ಎಣ್ಣೆ ಮಾತ್ರ ಬಾಟಲಿಯ ತಳ ಮುಚ್ಚುವಷ್ಟು ಬಂದು ನಿಲ್ಲುತ್ತದೆ. ಇಲ್ಲವೇ ಬಂದ ಎಣ್ಣೆ ಸೀದ ವಾಸನೆ ಹೊಡೆಯುತ್ತದೆ. ಕಾರಣ ಹುಡುಕುತ್ತಾ ಹೋದರೆ ಬಹುಪಾಲು ಸಲ ಒಲೆಯ ಬುಡಕ್ಕೇ ಬಂದು ನಿಲ್ಲುತ್ತೇವೆ.

ಉರಿಯ ಹತೋಟಿ ಎಂದ ಕೂಡಲೇ ಹೊಸಬರು ಥರ್ಮಾಮೀಟರ್ ನೋಡುತ್ತಾ ಕೂರುತ್ತಾರೆ. ಈ ಕೆಲಸದಲ್ಲಿ ಅದರಿಂದ ಸಿಗುವ ಸುಳಿವು ಕಡಿಮೆ. ನೀರು ಕುದಿಯಲು ಶುರುವಾದ ಮೇಲೆ ಉರಿ ಎಷ್ಟೇ ಹೆಚ್ಚಿಸಿದರೂ ಆವಿಯ ಬಿಸಿ ಏರುವುದಿಲ್ಲ, ಆವಿಯ ಪ್ರಮಾಣ ಏರುತ್ತದೆ. ಆದ್ದರಿಂದ ಉರಿಯನ್ನು ಅಳೆಯಬೇಕಾದದ್ದು ಆವಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್‌ನ ಬಾಯಿಯಲ್ಲಿ, ಒಂದು ಲೀಟರ್ ಜಗ್ಗು ಮತ್ತು ಗಡಿಯಾರ ಇಟ್ಟುಕೊಂಡು. ಜಗ್ಗು ತುಂಬಲು ಎಷ್ಟು ನಿಮಿಷ ಹಿಡಿಯಿತು ಎಂಬ ಒಂದು ಸಂಖ್ಯೆ ಕೈಯಲ್ಲಿದ್ದರೆ ಮುಂದೆ ಹೇಳುವ ದೋಷಗಳಲ್ಲಿ ಅರ್ಧ ತಾನಾಗಿಯೇ ಬಯಲಾಗುತ್ತವೆ.

ಮಾತು ಗಾಳಿಯಲ್ಲಿ ತೇಲಬಾರದು ಎಂದು ಇಲ್ಲಿ ಒಂದು ನಿರ್ದಿಷ್ಟ ಹಂಡೆ ಇಟ್ಟುಕೊಂಡಿದ್ದೇವೆ. ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ತಗಡಿನದು, ವ್ಯಾಸ 45 ಸೆಂ.ಮೀ., ಎತ್ತರ 75 ಸೆಂ.ಮೀ., ಒಟ್ಟು ಸುಮಾರು 120 ಲೀಟರ್. ತಳದಿಂದ 25 ಸೆಂ.ಮೀ. ಮೇಲೆ ತೂತಿನ ಜಾಲರಿ. ಜಾಲರಿಯ ಕೆಳಗೆ 22 ಲೀಟರ್ ನೀರು. ಅದು ಸುಮಾರು 14 ಸೆಂ.ಮೀ. ನಿಲ್ಲುತ್ತದೆ, ನೀರಿಗೂ ಜಾಲರಿಗೂ ನಡುವೆ 11 ಸೆಂ.ಮೀ. ಖಾಲಿ ಉಳಿಯುತ್ತದೆ. ಜಾಲರಿಯ ಮೇಲೆ ಒಂದು ದಿನ ನೆರಳಲ್ಲಿ ಬಾಡಿಸಿ, ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿದ 15 ಕೆಜಿ ಹುಲ್ಲು. ಕಂಡೆನ್ಸರ್ ಎಂದರೆ 200 ಲೀಟರ್ ಡ್ರಮ್ಮಿನೊಳಗೆ 25 ಮಿ.ಮೀ. ಕೊಳವೆಯ 6 ಮೀಟರ್ ಸುರುಳಿ. ಇದಕ್ಕೆ ಸರಿಯಾದ ಹರಿವು ಗಂಟೆಗೆ 4 ಲೀಟರ್, ಅಂದರೆ ಒಂದು ಲೀಟರ್ ಜಗ್ಗು 15 ನಿಮಿಷಕ್ಕೆ ತುಂಬಬೇಕು. ಮೂರು ಗಂಟೆಯಲ್ಲಿ 12 ಲೀಟರ್ ಹೊರಬಂದು, ತಳದಲ್ಲಿ 10 ಲೀಟರ್ ಉಳಿಯುತ್ತದೆ. ಹುಲ್ಲಿನ ತೂಕದ ಶೇ. 0.3ರಿಂದ 0.5ರಷ್ಟು ಎಣ್ಣೆ ಎಂದು ಹಿಡಿದರೆ 45ರಿಂದ 75 ಗ್ರಾಂ ಸಿಗಬೇಕು. ನಿಮ್ಮ ಹಂಡೆ ಚಿಕ್ಕದಿದ್ದರೆ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಿ.

ಒಂದು ಮಾತು ಮೊದಲೇ. ಇದೇ ಹಂಡೆ, ಇದೇ ಸುರುಳಿಯಲ್ಲಿ ಮದ್ಯ ಇಳಿಸಲು ಹೋಗಬೇಡಿ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸಾರಾಯಿಯಂತೂ 2007ರ ಜುಲೈ 1ರಿಂದ ರಾಜ್ಯದಲ್ಲಿ ಪೂರ್ತಿ ನಿಷೇಧವಾಗಿದೆ. ಕಾನೂನಿನ ಮಾತು ಹಾಗಿರಲಿ, ತೆರೆದ ಬೆಂಕಿಯ ಪಕ್ಕದಲ್ಲಿ ಮದ್ಯಸಾರದ ಆವಿ ಸೋರಿದರೆ ಮನೆಯೇ ಹೊತ್ತಿಕೊಳ್ಳುತ್ತದೆ. ಈ ಬರಹದಲ್ಲಿರುವ ಒಲೆ, ಮುಚ್ಚಳ, ಹರಿವಿನ ಲೆಕ್ಕ ಎಲ್ಲವೂ ನೀರಿನ ಆವಿಗೆ ಹೇಳಿದವು.

ಥರ್ಮಾಮೀಟರ್ 100 ತೋರಿಸುತ್ತಿಲ್ಲ

ಇದು ದೋಷವೇ ಅಲ್ಲ, ಆದರೂ ಇದರಿಂದಲೇ ಅನೇಕರ ಉರಿ ಕೆಡುತ್ತದೆ. ಪುಸ್ತಕದಲ್ಲಿ 100 ಡಿಗ್ರಿ ಎಂದು ಓದಿ, ಮುಳ್ಳು 96ರಲ್ಲಿ ನಿಂತಿದ್ದು ಕಂಡು ಇನ್ನೆರಡು ಸೌದೆ ತುರುಕುತ್ತಾರೆ. ಚಿಕ್ಕಮಗಳೂರು ಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಅಲ್ಲಿ ನೀರು 96.4 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಸನದಲ್ಲಿ 97ರ ಹತ್ತಿರ, ಕೆಮ್ಮಣ್ಣುಗುಂಡಿಯ ಎತ್ತರಕ್ಕೆ ಹೋದರೆ 95ರ ಹತ್ತಿರ. ಪ್ರತಿ 300 ಮೀಟರ್‌ಗೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ ಎಂದು ನೆನಪಿಟ್ಟರೆ ಸಾಕು. ನಿಮ್ಮ ಮನೆಯ ಅಂಕಿ ಬೇಕಿದ್ದರೆ ಅಡುಗೆಮನೆಯಲ್ಲಿ ಬರೀ ನೀರು ಕುದಿಸಿ, ಥರ್ಮಾಮೀಟರನ್ನು ತಳಕ್ಕೆ ತಾಗದಂತೆ ಹಿಡಿದು ನೋಡಿ, ಬಂದ ಅಂಕಿಯನ್ನು ಹಂಡೆಯ ಮೇಲೇ ಬಣ್ಣದಲ್ಲಿ ಬರೆದಿಡಿ.

ಸಿಟ್ರಾಲ್ ಈ ಎಣ್ಣೆಯ ಮುಖ್ಯ ಅಂಶ, ಅದು ಒಂಟಿಯಾಗಿ ಕುದಿಯಬೇಕಾದರೆ 229 ಡಿಗ್ರಿ ಬೇಕು. ಆದರೂ 96 ಡಿಗ್ರಿಯಲ್ಲೇ ಹೊರಡುತ್ತದೆ, ಏಕೆಂದರೆ ನೀರಿನ ಆವಿಯ ಒತ್ತಡ ಮತ್ತು ಎಣ್ಣೆಯ ಆವಿಯ ಒತ್ತಡ ಎರಡೂ ಸೇರಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದರೆ ಸಾಕು, ಮಿಶ್ರಣ ಕುದಿಯುತ್ತದೆ. ಹಾಗಾಗಿ ಹೆಚ್ಚಿನ ಬಿಸಿಗೆ ಹಂಬಲಿಸುವ ಅಗತ್ಯವೇ ಇಲ್ಲ.

ಆವಿ ಕೊಳವೆಯಲ್ಲಿ ಇಟ್ಟ ಥರ್ಮಾಮೀಟರ್ ನಿಮ್ಮ ಊರಿನ ಕುದಿಬಿಂದುವಿಗಿಂತ ಐದಾರು ಡಿಗ್ರಿ ಕೆಳಗೇ ನಿಂತಿದ್ದರೆ ಮಾತ್ರ ಅದು ದೋಷದ ಸೂಚನೆ: ಆವಿ ಅಲ್ಲಿಯವರೆಗೆ ತುಂಬಿ ಬರುತ್ತಿಲ್ಲ.

ಒಂದೂವರೆ ಗಂಟೆಯಾದರೂ ಹನಿ ಇಲ್ಲ

ನೀರು, ಹುಲ್ಲು, ಹಂಡೆಯ ತಗಡು ಎಲ್ಲವನ್ನೂ 22 ಡಿಗ್ರಿಯಿಂದ 96ಕ್ಕೆ ಏರಿಸಲು ಸುಮಾರು 12 ಮೆಗಾಜೂಲ್ ಶಾಖ ಬೇಕು. ಹಂಡೆಯೊಳಗೆ ನಿಜಕ್ಕೂ 4 ಕಿಲೋವ್ಯಾಟ್ ಹೋಗುತ್ತಿದ್ದರೆ 50 ನಿಮಿಷ ಹಿಡಿಯುತ್ತದೆ. ಅಡುಗೆಮನೆಯ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಪಾತ್ರೆಗೆ ಕೊಡುವುದು ಒಂದೂವರೆ, ಎರಡು ಕಿಲೋವ್ಯಾಟ್ ಅಷ್ಟೇ. ಅದರ ಮೇಲೆ ಈ ಗಾತ್ರದ ಹಂಡೆ ಇಟ್ಟರೆ ಬಿಸಿಯಾಗಲು ಎರಡು ಗಂಟೆ ಬೇಕು, ಆಮೇಲೂ ಗಂಟೆಗೆ ಎರಡು ಲೀಟರ್ ದಾಟುವುದಿಲ್ಲ. ಹೋಟೆಲಿನವರು ಬಳಸುವ ಭಟ್ಟಿ ಬರ್ನರ್ ಬೇಕು, ಇಲ್ಲವೇ ಹುಲ್ಲನ್ನು 6 ಕೆಜಿಗೆ ಇಳಿಸಿ ಚಿಕ್ಕ ಪಾತ್ರೆಯಲ್ಲಿ ಮಾಡಬೇಕು. ಮಾರಾಟಕ್ಕೆ ಎಣ್ಣೆ ಇಳಿಸುವವರು 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ತರಬೇಕು. ಒಂದು ಬಟ್ಟಿಗೆ ಸುಮಾರು 2 ಕೆಜಿ ಗ್ಯಾಸ್ ಹಿಡಿಯುತ್ತದೆ ಎಂಬ ಲೆಕ್ಕವಿರಲಿ.

ಬರ್ನರ್ ದೊಡ್ಡದಿದ್ದೂ ಜ್ವಾಲೆ ಅರ್ಧ ಗಂಟೆಯ ನಂತರ ಕುಗ್ಗಿದರೆ ಸಿಲಿಂಡರ್ ಮುಟ್ಟಿ ನೋಡಿ. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಕೆಳಭಾಗ ಬೆವರಿ ಕೊರೆಯುವಷ್ಟು ತಣ್ಣಗಿದ್ದರೆ, ಒಳಗಿನ ಗ್ಯಾಸ್ ಬೇಡಿಕೆಗೆ ತಕ್ಕಂತೆ ಆವಿಯಾಗುತ್ತಿಲ್ಲ ಎಂದರ್ಥ. ಮುಕ್ಕಾಲು ಖಾಲಿಯಾದ ಸಿಲಿಂಡರಿನಲ್ಲಿ ಇದು ಬೇಗ ಕಾಣುತ್ತದೆ. ತುಂಬಿದ ಸಿಲಿಂಡರ್ ಹಾಕಿ ಅಥವಾ ಬಿಸಿಲೇರಿದ ಮೇಲೆ ಶುರುಮಾಡಿ. ಸಿಲಿಂಡರಿಗೆ ಯಾವ ಕಾರಣಕ್ಕೂ ಬೆಂಕಿಯ ಕಾವು ಕೊಡಬೇಡಿ.

ಕರೆಂಟ್ ಹೀಟರ್ ಇಟ್ಟವರು ವೋಲ್ಟೇಜ್ ನೋಡಬೇಕು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 3 ಕಿಲೋವ್ಯಾಟ್ ಕೊಡುವ ಕಾಯಿಲ್ 180 ವೋಲ್ಟಿನಲ್ಲಿ ಕೊಡುವುದು 1.8 ಕಿಲೋವ್ಯಾಟ್ ಮಾತ್ರ. ತೋಟದ ಮನೆಗಳಲ್ಲಿ ಮಧ್ಯಾಹ್ನ ಸರಿ ನಡೆದ ಬಟ್ಟಿ ಸಂಜೆ ಏಳಕ್ಕೆ ಸೊರಗುವುದು ಇದರಿಂದಲೇ. ಅದಕ್ಕೆ ಹಂಡೆ ಬಿಚ್ಚಿ ನೋಡಿ ಪ್ರಯೋಜನವಿಲ್ಲ. ಅರ್ಥಿಂಗ್ ಮತ್ತು ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದೆ ತಗಡಿನ ಹಂಡೆಗೆ ಹೀಟರ್ ಇಳಿಸಲೇಬೇಡಿ.

ನೀರು ಕುದಿಯುವ ಸದ್ದು ಕೇಳುತ್ತಿದೆ, ಮುಚ್ಚಳವೂ ಸುಡುತ್ತಿದೆ, ಹನಿ ಮಾತ್ರ ಬರುತ್ತಿಲ್ಲ ಎಂದರೆ ಆವಿ ದಾರಿಯಲ್ಲಿ ಕಳೆದುಹೋಗುತ್ತಿದೆ. ಒಂದು, ಮುಚ್ಚಳದ ಅಂಚಿನಲ್ಲಿ ಸೋರಿಕೆ. ತಣ್ಣನೆಯ ಸ್ಟೀಲ್ ತಟ್ಟೆಯನ್ನು ಅಂಚಿನ ಸುತ್ತ ಹಿಡಿಯುತ್ತಾ ಹೋಗಿ. ಮಂಜು ಕೂತ ಕಡೆ ಸೋರುತ್ತಿದೆ. ಮೈದಾ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಮೆತ್ತಿದರೆ ಆ ಬಟ್ಟಿಗೆ ಸಾಕಾಗುತ್ತದೆ. ಎರಡು, ಮುಚ್ಚಳ ಮತ್ತು ಆವಿ ಕೊಳವೆ ಮೈಬಿಚ್ಚಿ ನಿಂತಿವೆ. ಮಲೆನಾಡಿನ ಗಾಳಿಗೆ ಆವಿ ಅಲ್ಲೇ ನೀರಾಗಿ ಹಂಡೆಯೊಳಕ್ಕೇ ಮರಳಿ ತೊಟ್ಟಿಕ್ಕುತ್ತದೆ. ಮುಚ್ಚಳದ ಮೇಲೆ ಗೋಣಿಚೀಲ ನಾಲ್ಕು ಮಡಿಕೆ ಹೊದಿಸಿ, ಕೊಳವೆಗೆ ಗ್ಲಾಸ್ ವುಲ್ ಸುತ್ತಿ. ಒಲೆಯ ಬಾಯಿಯ ಹತ್ತಿರ ಗೋಣಿ ಇಳಿಯದಂತೆ ಕಟ್ಟಿ.

ಕಂಡೆನ್ಸರಿನ ಬಾಯಲ್ಲಿ ಬಿಸಿ ನೀರು, ಅಥವಾ ಹೊಗೆಯಂತೆ ಆವಿ

ಅತಿ ಹೆಚ್ಚು ಎಣ್ಣೆ ನಷ್ಟವಾಗುವುದು ಇಲ್ಲಿ. ಇದು ಉರಿ ಮತ್ತು ತಂಪಿನ ನಡುವಿನ ಲೆಕ್ಕ ತಪ್ಪಿದ್ದರಿಂದ ಆಗುವುದು, ಆ ಲೆಕ್ಕ ಸರಳವಾಗಿದೆ.

ಒಂದು ಕೆಜಿ ಆವಿ ನೀರಾಗುವಾಗ ಸುಮಾರು 2,260 ಕಿಲೋಜೂಲ್ ಶಾಖ ಬಿಡುತ್ತದೆ. ಆ ನೀರು 96ರಿಂದ 36ಕ್ಕೆ ತಣಿಯಲು ಇನ್ನೊಂದು 250. ಒಟ್ಟು 2,500 ಕಿಲೋಜೂಲ್ ಡ್ರಮ್ಮಿನ ನೀರಿಗೆ ಹೋಗಬೇಕು. ಡ್ರಮ್ಮಿಗೆ 22 ಡಿಗ್ರಿಯ ನೀರು ಬಂದು 45ರಲ್ಲಿ ಹೊರಹೋಗುತ್ತದೆ ಎಂದರೆ, ಪ್ರತಿ ಲೀಟರ್ ಹೊತ್ತೊಯ್ಯುವುದು 96 ಕಿಲೋಜೂಲ್ ಮಾತ್ರ. ಅಂದರೆ ಒಂದು ಲೀಟರ್ ಇಳಿಸಲು 26 ಲೀಟರ್ ತಣ್ಣೀರು. ಗಂಟೆಗೆ 4 ಲೀಟರಿಗೆ 104 ಲೀಟರ್. ನಿಮಿಷಕ್ಕೆ ಒಂದೂಮುಕ್ಕಾಲು ಲೀಟರ್ ಹರಿಯುತ್ತಲೇ ಇರಬೇಕು.

ಡ್ರಮ್ಮಿಗೆ ನೀರು ತುಂಬಿಸಿ ಹಾಗೇ ಬಿಟ್ಟವರಿಗೆ ಏನಾಗುತ್ತದೆಂದು ಇದೇ ಲೆಕ್ಕ ಹೇಳುತ್ತದೆ. 200 ಲೀಟರ್ ನಿಂತ ನೀರು ಎರಡು ಗಂಟೆಯೊಳಗೆ 45 ಡಿಗ್ರಿ ಮುಟ್ಟುತ್ತದೆ. ಮೇಲಿನ ಅರ್ಧ ಅದಕ್ಕಿಂತ ಮೊದಲೇ ಕೈ ಇಡಲಾಗದಷ್ಟು ಕಾಯುತ್ತದೆ. ಮೊದಲ ಗಂಟೆ ಚೆನ್ನಾಗಿ ಬಂದು ಮೂರನೆಯ ಗಂಟೆಗೆ ಬಾಯಲ್ಲಿ ಹೊಗೆಯಾಡಿದರೆ ಉರಿ ಕೆಟ್ಟಿಲ್ಲ, ಡ್ರಮ್ಮು ಸೋತಿದೆ.

ಪತ್ತೆ ಹೀಗೆ. ಮೊದಲು ಜಗ್ಗು ಹಿಡಿಯಿರಿ. 15 ನಿಮಿಷದ ಬದಲು 9 ನಿಮಿಷಕ್ಕೇ ತುಂಬಿದರೆ ಉರಿ ಹೆಚ್ಚಾಗಿದೆ, ಕಡಿಮೆ ಮಾಡಿ. 15 ನಿಮಿಷವೇ ಹಿಡಿದು ನೀರು ಬಿಸಿಯಾಗಿ ಬರುತ್ತಿದ್ದರೆ ತಂಪಿನ ಕಡೆ ನೋಡಿ. ಹೊರಬರುವ ಧಾರೆ 35ರಿಂದ 40 ಡಿಗ್ರಿ ಇರಬೇಕು. ಬೆರಳು ಒಡ್ಡಿದರೆ ಹಿತವಾದ ಬೆಚ್ಚಗೆ, ಕೈ ಎಳೆದುಕೊಳ್ಳುವಂತಿದ್ದರೆ ತಪ್ಪು. ತಣ್ಣೀರು ಡ್ರಮ್ಮಿನ ತಳದಲ್ಲಿ ಒಳಬಂದು ಮೇಲಿನಿಂದ ಹೊರಹೋಗುತ್ತಿದೆಯೇ? ಎಷ್ಟೋ ಕಡೆ ಪೈಪನ್ನು ಮೇಲಿನಿಂದ ಇಳಿಬಿಟ್ಟು ಮೇಲಿನಿಂದಲೇ ತುಳುಕಿಸುತ್ತಾರೆ. ಆಗ ತಳದ ನೀರು ಬದಲಾಗುವುದೇ ಇಲ್ಲ, ಸುರುಳಿಯ ಕೊನೆಯ ಸುತ್ತು ಬಿಸಿ ನೀರಲ್ಲೇ ಇರುತ್ತದೆ.

ಕೊಪ್ಪ, ಶೃಂಗೇರಿ ಕಡೆಯವರಿಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುವುದರಿಂದ ಈ ತೊಂದರೆ ಕಡಿಮೆ. ಬೇಸಿಗೆಯ ಕೊನೆಗೆ ಅಬ್ಬಿ ಸಣ್ಣಗಾದಾಗ ಮಾತ್ರ ಎಚ್ಚರ ಬೇಕು: ಬೆಳಗ್ಗೆ ಇದ್ದ ಹರಿವು ಮಧ್ಯಾಹ್ನ ಇರುವುದಿಲ್ಲ. ಅರಸೀಕೆರೆ ಕಡೆ ಬೋರ್‌ವೆಲ್ ನೀರನ್ನು ಹೀಗೆ ಹರಿಯಬಿಡಲು ಮನಸ್ಸು ಬರುವುದಿಲ್ಲ, ಬರಲೂಬಾರದು. ಅಲ್ಲಿ 1,000 ಲೀಟರಿನ ಟ್ಯಾಂಕು ಅಥವಾ ತೊಟ್ಟಿಯಿಂದ ಚಿಕ್ಕ ಪಂಪಿನಲ್ಲಿ ನೀರು ತಿರುಗಿಸಿ. ಮೂರು ಗಂಟೆಯ ಬಟ್ಟಿ ಆ ನೀರನ್ನು ಏಳೆಂಟು ಡಿಗ್ರಿ ಮಾತ್ರ ಏರಿಸುತ್ತದೆ, ರಾತ್ರಿ ಕಳೆದರೆ ತಣ್ಣಗಾಗಿರುತ್ತದೆ. ಬೋರಿನ ಗಡಸು ನೀರಾದರೆ ಸುರುಳಿಯ ಹೊರಮೈಗೆ ಬಿಳಿ ಸುಣ್ಣದ ಪೊರೆ ಕಟ್ಟಿ ಶಾಖ ದಾಟದಂತೆ ತಡೆಯುತ್ತದೆ. ಮೊದಲೆಲ್ಲ ಸರಿಯಿದ್ದ ಕಂಡೆನ್ಸರ್ ಆರು ತಿಂಗಳಲ್ಲಿ ಸೋಲತೊಡಗಿದರೆ ಸುರುಳಿಯನ್ನು ಹೊರತೆಗೆದು ನೋಡಿ. ಹುಣಸೆಹಣ್ಣು ಅಥವಾ ಸಿಟ್ರಿಕ್ ಆಸಿಡ್ ನೀರಿನಲ್ಲಿ ಉಜ್ಜಿದರೆ ಪೊರೆ ಬಿಡುತ್ತದೆ.

ಉರಿ ಹೆಚ್ಚಿಸಿದರೆ ಬೇಗ ಮುಗಿಯುತ್ತದಲ್ಲ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಎಣ್ಣೆ ಇರುವುದು ಎಲೆಯೊಳಗಿನ ಕೋಶಗಳಲ್ಲಿ. ಬಿಸಿ ನೀರಿನ ಜೊತೆ ಅದು ಎಲೆಯ ಮೈಗೆ ಒಸರಿ ಬಂದ ಮೇಲಷ್ಟೇ ಆವಿ ಅದನ್ನು ಎತ್ತಿಕೊಳ್ಳಬಲ್ಲದು. ಒಸರುವ ವೇಗ ಉರಿಯ ಮಾತು ಕೇಳುವುದಿಲ್ಲ. ಹಾಗಾಗಿ ಉರಿ ದುಪ್ಪಟ್ಟು ಮಾಡಿದರೆ ನೀರು ದುಪ್ಪಟ್ಟು ಬರುತ್ತದೆ, ಎಣ್ಣೆ ಬರುವುದಿಲ್ಲ. ಬಂದ ಹೆಚ್ಚುವರಿ ನೀರು ಸುಮ್ಮನೆಯೂ ಬರುವುದಿಲ್ಲ. ಲೀಟರಿಗೆ ಅರ್ಧ ಗ್ರಾಂ ಆಸುಪಾಸು ಸಿಟ್ರಾಲನ್ನು ಕರಗಿಸಿಕೊಂಡು ಹೋಗುತ್ತದೆ. 12 ಲೀಟರ್ ಸಾಕಾದ ಕಡೆ 20 ಲೀಟರ್ ಇಳಿಸಿದರೆ ಆ ಎಂಟು ಲೀಟರಿನಲ್ಲೇ ನಾಲ್ಕು ಗ್ರಾಂ ಹೋಯಿತು.

ಸೌದೆ ಒಲೆ ಏರಿಳಿಯುತ್ತಿದೆ

ಗ್ಯಾಸಿಗೆ ತಿರುಪು ಇದೆ, ಸೌದೆಗೆ ಕೈ ಅಳತೆಯೇ ತಿರುಪು. ಸುತ್ತ ಮುಚ್ಚಿದ, ತಳಕ್ಕೆ ಗಾಳಿಕಂಡಿ ಇರುವ ಒಲೆಯಲ್ಲಿ ಒಂದು ಬಟ್ಟಿಗೆ ಒಣ ಸೌದೆ 13 ಕೆಜಿ ಸುಮಾರಿಗೆ ಹಿಡಿಯುತ್ತದೆ. ಮೂರು ಕಲ್ಲಿನ ಒಲೆಯಾದರೆ ಅದರ ಎರಡರಷ್ಟು. ಬಿಸಿಯೇರುವವರೆಗೆ ಸಿಲ್ವರ್ ಓಕಿನ ಒಣ ರೆಂಬೆ ಒಳ್ಳೆಯದು, ಭಗ್ಗನೆ ಉರಿಯುತ್ತದೆ. ಹನಿ ಶುರುವಾದ ಮೇಲೆ ಅದನ್ನು ಬಿಟ್ಟು ಕಾಫಿ ಗಿಡದ ಗಟ್ಟಿ ಸೌದೆಗೆ ಬನ್ನಿ. ಕೆಂಡ ಹಿಡಿಯುತ್ತದೆ, ಒಂದೇ ಸಮ ಕಾಯುತ್ತದೆ. ಆ ಹಂತದಲ್ಲಿ ಗಂಟೆಗೆ 3 ಕೆಜಿ ಸಾಕು, ಅಂದರೆ ಐದು ನಿಮಿಷಕ್ಕೊಮ್ಮೆ ಕಾಲು ಕೆಜಿಯ ಒಂದು ತುಂಡು. ಅರ್ಧ ಗಂಟೆಗೊಮ್ಮೆ ಒಂದು ಹೊರೆ ತುರುಕಿ ಬೇರೆ ಕೆಲಸಕ್ಕೆ ಹೋಗುವವರ ಜಗ್ಗು ಒಮ್ಮೆ 8 ನಿಮಿಷಕ್ಕೆ, ಇನ್ನೊಮ್ಮೆ 25 ನಿಮಿಷಕ್ಕೆ ತುಂಬುತ್ತಿರುತ್ತದೆ.

ಉರಿ ಇಳಿಯುವಾಗ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಆವಿ ಹುಲ್ಲಿನ ಮೇಲ್ಪದರ ದಾಟಲಾರದೆ ಅಲ್ಲೇ ನೀರಾಗಿ, ಎತ್ತಿಕೊಂಡಿದ್ದ ಎಣ್ಣೆಯನ್ನು ತಳದ ಕುದಿ ನೀರಿಗೆ ತೊಳೆದು ಬಿಡುತ್ತದೆ. ಅಲ್ಲಿ ಗಂಟೆಗಟ್ಟಲೆ ಕುದಿದ ಎಣ್ಣೆ ಮತ್ತೆ ಮೇಲೆ ಬಂದರೂ ಮೊದಲಿನ ಪರಿಮಳ ಇರುವುದಿಲ್ಲ.

ಉರಿ ಇಳಿಸಬೇಕಾದಾಗ ಸೌದೆ ಎಳೆದರೆ ಸಾಲದು. ಕೆಂಡ ಮತ್ತು ಒಲೆಯ ಗೋಡೆಯ ಕಾವು ಇನ್ನೂ ಹತ್ತು ಹದಿನೈದು ನಿಮಿಷ ಹಂಡೆಯನ್ನು ಕುದಿಸುತ್ತಲೇ ಇರುತ್ತದೆ. ಗಾಳಿಕಂಡಿಯನ್ನು ತಗಡಿನಿಂದ ಅರ್ಧ ಮುಚ್ಚಿ, ಸಲಿಕೆಯಿಂದ ಕೆಂಡ ಹೊರಗೆಳೆಯಿರಿ. ಮಳೆಗಾಲದ ಸೌದೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ತುದಿಯಲ್ಲಿ ನೊರೆ ಬಂದು ಸುಯ್ಯೆಂದರೆ ಅದನ್ನು ಬಟ್ಟಿಗೆ ಬಳಸಬೇಡಿ.

ಮುಚ್ಚಳದ ನೀರಿನ ಸೀಲ್ ಗುಳುಗುಳು ಎನ್ನುತ್ತಿದೆ

ಹಂಡೆಯ ಕಂಠದ ಸುತ್ತ ಕಾಲುವೆ ಮಾಡಿ, ನೀರು ತುಂಬಿ, ಅದರಲ್ಲಿ ಮುಚ್ಚಳದ ಅಂಚು ಮುಳುಗಿಸುವ ಪದ್ಧತಿ ಇದ್ದರೆ ಆ ನೀರೇ ನಿಮ್ಮ ಒತ್ತಡದ ಮೀಟರ್. 10 ಸೆಂ.ಮೀ. ಆಳದ ಸೀಲ್ ತಡೆಯುವುದು ತೀರ ಕಡಿಮೆ ಒತ್ತಡ, ಆದರೆ 45 ಸೆಂ.ಮೀ. ಅಗಲದ ಮುಚ್ಚಳದ ಮೇಲೆ ಅದು 16 ಕೆಜಿ ಭಾರದಷ್ಟು ಬಲದಿಂದ ತಳ್ಳುತ್ತದೆ. ಅಷ್ಟಾಗುವಾಗ ಥರ್ಮಾಮೀಟರ್ ಏರಿರುವುದು ಕಾಲು ಡಿಗ್ರಿ ಮಾತ್ರ. ಥರ್ಮಾಮೀಟರನ್ನು ನಂಬಿ ಕೂರಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಸೀಲ್ ಗುಳುಗುಟ್ಟಿದರೆ ಮೊದಲ ಕೆಲಸ ಬೆಂಕಿ ಹೊರಗೆಳೆಯುವುದು. ಆಮೇಲೆ ಜಗ್ಗು ನೋಡಿ. ಹರಿವು ಜೋರಾಗಿಯೇ ಇದ್ದರೆ ಉರಿ ಹೆಚ್ಚಾಗಿತ್ತು ಅಷ್ಟೇ. ಹರಿವು ಕಡಿಮೆಯಾಗಿ ಅಥವಾ ನಿಂತು ಸೀಲ್ ಉಕ್ಕುತ್ತಿದ್ದರೆ ದಾರಿ ಕಟ್ಟಿದೆ: ಆವಿ ಕೊಳವೆಯ ಬಾಯಿಗೆ ಹುಲ್ಲು ಒತ್ತಿಕೊಂಡಿರಬಹುದು, ಸುರುಳಿಯಲ್ಲಿ ಎಲೆಚೂರು ಸಿಕ್ಕಿರಬಹುದು. ಹಂಡೆ ಪೂರ್ತಿ ತಣ್ಣಗಾದ ಮೇಲಷ್ಟೇ ಮುಚ್ಚಳ ಮುಟ್ಟಿ. ಹುಲ್ಲಿನ ಮೇಲೆ ಕನಿಷ್ಠ ಒಂದು ಗೇಣು ಖಾಲಿ ಬಿಡುವುದು, ಕೊಳವೆಯ ಬಾಯಿಗೆ ಸ್ಟೀಲ್ ಜಾಲರಿ ಹಾಕುವುದು, ಎರಡೂ ಮಾಡಿದರೆ ಇದು ಮರುಕಳಿಸುವುದಿಲ್ಲ. ಕ್ಲಾಂಪ್ ಹಾಕಿ ಬಿಗಿದ ಮುಚ್ಚಳವಾದರೆ ಸೇಫ್ಟಿ ವಾಲ್ವ್ ಇರಲೇಬೇಕು. ಹಂಡೆಯಿಂದ ಕಂಡೆನ್ಸರಿನ ಬಾಯಿಯವರೆಗಿನ ದಾರಿಯಲ್ಲಿ ಮುಚ್ಚುವ ನಲ್ಲಿ ಎಲ್ಲೂ ಇರಕೂಡದು.

ಸೀದ ವಾಸನೆ

ಒಮ್ಮೆ ಸೀದ ಎಣ್ಣೆಯನ್ನು ಮತ್ತೆ ಬಟ್ಟಿ ಇಳಿಸಿದರೂ ವಾಸನೆ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಮೂಲವನ್ನೇ ಹಿಡಿಯಬೇಕು. ಬಟ್ಟಿ ಮುಗಿದ ಮೇಲೆ ಹಂಡೆಯ ತಳ ನೋಡಿದರೆ ಮೂಲ ಸಿಗುತ್ತದೆ.

ತಳದ ನಡುವೆ ಕಪ್ಪು ಹತ್ತಿದೆ, ನೀರು ಉಳಿದಿದೆ ಎಂದರೆ ಜಾಲರಿಯಿಂದ ಉದುರಿದ ಎಲೆಚೂರು ತಳಕ್ಕೆ ಕೂತು ಹತ್ತಿದೆ. ಜಾಲರಿಯ ಮೇಲೆ ಸ್ಟೀಲ್ ಮೆಶ್ ಅಥವಾ ತೆಳು ಹತ್ತಿ ಬಟ್ಟೆ ಹಾಸಿ ಹುಲ್ಲು ತುಂಬಿ, ಹುಲ್ಲನ್ನು ಪುಡಿಯಾಗುವಷ್ಟು ಸಣ್ಣಗೆ ಕತ್ತರಿಸಬೇಡಿ. ಹಿಂದಿನ ಬಟ್ಟಿಯ ಕಂದು ನೀರನ್ನು ತಳದಲ್ಲೇ ಬಿಟ್ಟು ಮುಂದುವರಿಸುವವರಿಗೂ ಇದೇ ಗತಿ. ಪ್ರತಿ ಸಲ ಅದು ಮಂದವಾಗುತ್ತಾ ಹೋಗಿ ಕೊನೆಗೆ ಪಾಕದಂತೆ ತಳ ಹಿಡಿಯುತ್ತದೆ.

ನೀರು ಪೂರ್ತಿ ಬತ್ತಿದ್ದರೆ ಲೆಕ್ಕದ ತಪ್ಪು. ಇಳಿದ ನೀರನ್ನು ಅಳೆದು ಬರೆಯುತ್ತಾ ಹೋದವರಿಗೆ ಇದು ಆಗುವುದಿಲ್ಲ. 22ರಲ್ಲಿ 14 ಲೀಟರ್ ಹೊರಬಂದಿತೆಂದರೆ ತಳದಲ್ಲಿ 8 ಉಳಿದಿದೆ, ಅದು ಐದು ಸೆಂ.ಮೀ. ಮಾತ್ರ, ನಿಲ್ಲಿಸಿ. ಸೋರಿಕೆ ಇದ್ದರೆ ಇನ್ನೂ ಮೊದಲೇ. ಹಂಡೆಯ ಬದಿಗೆ ಗಾಜಿನ ಮಟ್ಟದ ಕೊಳವೆ ಕೂರಿಸಿಕೊಂಡರೆ ಊಹೆ ಬೇಕಾಗುವುದಿಲ್ಲ.

ಮೂರನೆಯದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ತಳ ಸ್ವಚ್ಛವಾಗಿರುತ್ತದೆ, ಸುತ್ತಲಿನ ಗೋಡೆಯಲ್ಲಿ ಜಾಲರಿಯ ಮಟ್ಟದಲ್ಲಿ ಕಂದು ಉಂಗುರ ಬಿದ್ದಿರುತ್ತದೆ. ಜ್ವಾಲೆ ತಳ ದಾಟಿ ಬದಿಗೆ ನೆಕ್ಕಿದೆ. ನೀರಿರುವ ಕಡೆ ತಗಡು ಎಷ್ಟೇ ಉರಿ ತಾಗಿದರೂ ಕುದಿಬಿಂದುವಿನ ಸನಿಹದಲ್ಲೇ ಇರುತ್ತದೆ. ನೀರಿಲ್ಲದ ಕಡೆ ಅದೇ ತಗಡು ಬಾಣಲೆಯಾಗುತ್ತದೆ, ಅದಕ್ಕೆ ಒತ್ತಿದ ಹುಲ್ಲು ಹುರಿಯುತ್ತದೆ. ಬಟ್ಟಿಯ ಕೊನೆಗೆ ನೀರು ಆರು ಸೆಂ.ಮೀ.ಗೆ ಇಳಿದಿರುವಾಗ ಇದು ಹೆಚ್ಚು. ಒಲೆಯ ಬಾಯನ್ನು ಹಂಡೆಯ ತಳಕ್ಕಿಂತ ಕಿರಿದು ಮಾಡಿ, ಸುತ್ತ ಮಣ್ಣಿನಿಂದ ಕಟ್ಟಿ, ಜ್ವಾಲೆ ಹೊರಗೆ ಬರದಂತೆ ನೋಡಿಕೊಳ್ಳಿ.

ಇಳಿಯುವ ನೀರು ಹಸಿರು ಅಥವಾ ಕಂದು

ಆವಿಯಲ್ಲ, ತಳದ ನೀರೇ ನೊರೆಯಾಗಿ ಉಕ್ಕಿ ಕಂಡೆನ್ಸರಿಗೆ ದಾಟಿದೆ. ಉರಿ ತಕ್ಷಣ ಇಳಿಸಿ, ಸಪರೇಟರಿನಲ್ಲಿ (ಎಣ್ಣೆ, ನೀರು ಬೇರೆಯಾಗುವ ಪಾತ್ರೆ) ಬಿದ್ದದ್ದನ್ನು ಬೇರೆ ಪಾತ್ರೆಗೆ ತೆಗೆಯಿರಿ. ಮುಂದಿನ ಸಲ ನೀರಿಗೂ ಜಾಲರಿಗೂ ನಡುವಿನ 11 ಸೆಂ.ಮೀ. ಅಂತರ ಉಳಿಸಿ. ಹೆಚ್ಚು ಹೊತ್ತು ಬರಲಿ ಎಂದು 30 ಲೀಟರ್ ತುಂಬಿದರೆ ಹೀಗಾಗುತ್ತದೆ.

ಹರಿವು ಸರಿ, ಎಣ್ಣೆ ಇಲ್ಲ

ಜಗ್ಗು 15 ನಿಮಿಷಕ್ಕೇ ತುಂಬುತ್ತಿದೆ, ಧಾರೆ ಬೆಚ್ಚಗಿದೆ, ಆದರೂ ಎಣ್ಣೆ 20 ಗ್ರಾಂ. ಆಗ ಒಲೆ ಬಿಟ್ಟು ಹುಲ್ಲು ನೋಡಿ. ಬಟ್ಟಿ ಮುಗಿದು ತಣಿದ ಮೇಲೆ ಹುಲ್ಲನ್ನು ಪದರ ಪದರವಾಗಿ ತೆಗೆಯಿರಿ. ಎಲ್ಲ ಕಡೆ ಒಂದೇ ಕಂದು ಬಣ್ಣವಾಗಿ ಮೆತ್ತಗಾಗಿರಬೇಕು. ನಡುವೆ ಇನ್ನೂ ಹಸಿರು ಗಂಟುಗಳಿದ್ದು, ಹಿಸುಕಿದರೆ ನಿಂಬೆಯ ವಾಸನೆ ಬಂದರೆ ಆವಿ ಒಂದು ಬದಿಯ ಸಂದಿಯಲ್ಲಿ ಸುಲಭದ ದಾರಿ ಮಾಡಿಕೊಂಡು ಮೇಲೆ ಹೋಗಿದೆ. ಹುಲ್ಲನ್ನು ಕಟ್ಟುಗಟ್ಟಾಗಿ ತುರುಕದೆ ಬಿಡಿಸಿ ಹರಡಿ, ಗೋಡೆಯ ಅಂಚಿನಲ್ಲಿ ಕೈಯಿಂದ ಒತ್ತಿ, ನಡುವೆ ಸ್ವಲ್ಪ ಸಡಿಲ ಬಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಹುಲ್ಲಿನಲ್ಲಿ ಎಣ್ಣೆಯೇ ಕಡಿಮೆ, ಮೇಲಾಗಿ ಎಲೆಗಂಟಿದ ನೀರು. 15 ಕೆಜಿಯಲ್ಲಿ ಮೂರು ಕೆಜಿ ಮಳೆನೀರೇ ಇದ್ದರೆ ಅದನ್ನು ಬಿಸಿಮಾಡಲು ಉರಿಯೂ ಹೆಚ್ಚು ಬೇಕು. ಎರಡು ಬಿಸಿಲು ದಿನ ಕಾದು ಕೊಯ್ಯಿರಿ.

ತಳಿಯೂ ಮುಖ್ಯ. ಅಂಗಳದಲ್ಲಿ ಚಹಾಕ್ಕೆಂದು ಬೆಳೆಸಿದ ಬುಡದಿಂದಲೇ ತೋಟ ಮಾಡಿದ್ದರೆ ಇಳುವರಿ ಕಡಿಮೆಯೇ. ಎಣ್ಣೆಗೆಂದೇ ಬಿಡುಗಡೆಯಾದ ಕೃಷ್ಣ, ಕಾವೇರಿ, ಕೇರಳದ ಓಡಕ್ಕಾಲಿಯ ಸುಗಂಧಿಯಂಥ ತಳಿಗಳಿವೆ. ಔಷಧಿ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆಯಾದ ಸಿಮ್ಯಾಪ್‌ನ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೇ ಇದೆ, ವಿಚಾರಿಸಬಹುದು.

ಯಾವಾಗ ನಿಲ್ಲಿಸುವುದು ಎಂದು ತಿಳಿಯದೆ ಐದು ಗಂಟೆ ಉರಿ ಹಾಕುವವರೂ ಇದ್ದಾರೆ. ಹೆಚ್ಚಿನ ಎಣ್ಣೆ ಮೊದಲ ಒಂದೂವರೆ ಗಂಟೆಯಲ್ಲೇ ಬರುತ್ತದೆ. ಎರಡೂವರೆ ಗಂಟೆಯಾದ ಮೇಲೆ ಒಂದು ಲೀಟರನ್ನು ಬೇರೆಯಾಗಿ, ಕಿರಿದಾದ ಕಂಠದ ಬಾಟಲಿಯಲ್ಲಿ ಹಿಡಿದು ನಿಲ್ಲಿಸಿ. ಮೇಲೆ ಒಂದು ಮಿಲಿ ಲೀಟರಿನಷ್ಟೂ ಪದರ ಕಟ್ಟದಿದ್ದರೆ ಇನ್ನು ಉರಿಸುವುದು ಸೌದೆಗೆ ದಂಡ.

ಎಣ್ಣೆ ನೀರಿನಿಂದ ಬೇರೆಯಾಗದೆ ಹಾಲಿನಂತಿದ್ದರೆ ಸಪರೇಟರ್ ಚಿಕ್ಕದು ಅಥವಾ ಧಾರೆ ನೇರ ಬಿದ್ದು ಕಲಕುತ್ತಿದೆ. 4 ಲೀಟರ್ ಹರಿವಿಗೆ 5 ಲೀಟರಿನ ಪಾತ್ರೆ ಇರಲಿ, ಧಾರೆ ಆಲಿಕೆಯ ಮೂಲಕ ಗೋಡೆಗೆ ತಾಗಿ ಇಳಿಯಲಿ. ಬೇರ್ಪಟ್ಟ ಪರಿಮಳದ ನೀರನ್ನು ಚೆಲ್ಲದೆ ಮುಂದಿನ ಬಟ್ಟಿಯ ತಳಕ್ಕೆ ಹಾಕಿದರೆ ಕರಗಿದ ಸಿಟ್ರಾಲ್ ಸ್ವಲ್ಪ ಮರಳುತ್ತದೆ. ಎಣ್ಣೆ ಹಳದಿಯ ಬದಲು ಕಡು ಕಂದಾಗಿದ್ದರೆ ಉರಿಗಿಂತ ಮೊದಲು ಹಂಡೆಯನ್ನು ಅನುಮಾನಿಸಿ: ಕಬ್ಬಿಣದ ಡ್ರಮ್ಮು, ತುಕ್ಕು ಹಿಡಿದ ಜಾಲರಿ. ಎಣ್ಣೆಯನ್ನು ಪ್ಲಾಸ್ಟಿಕ್‌ನಲ್ಲಿ ಇಡಬೇಡಿ, ಕಂದು ಗಾಜಿನ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿಸಿ. ಈ ಎಣ್ಣೆ 70 ಡಿಗ್ರಿಯ ಸುಮಾರಿಗೆ ಬೆಂಕಿ ಹಿಡಿಯುವ ಆವಿ ಬಿಡುತ್ತದೆ. ಸಪರೇಟರ್ ಒಲೆಯಿಂದ ಕನಿಷ್ಠ ಮೂರು ಮೀಟರ್ ದೂರ ಇರಲಿ.

ನಿಲ್ಲಿಸುವಾಗ

ಬೆಂಕಿ ತೆಗೆದ ಕೂಡಲೇ ಹಂಡೆಯೊಳಗಿನ ಆವಿ ತಣಿದು ಕುಗ್ಗುತ್ತದೆ. ಆ ಹೊತ್ತಿಗೆ ಕಂಡೆನ್ಸರಿನ ಬಾಯಿ ಸಪರೇಟರಿನ ನೀರಲ್ಲಿ ಮುಳುಗಿದ್ದರೆ, ಸಂಗ್ರಹಿಸಿದ ಎಣ್ಣೆಯನ್ನೇ ಸುರುಳಿ ಹೀರಿಕೊಂಡು ಹಂಡೆಗೆ ವಾಪಸ್ ಸೇರಿಸುತ್ತದೆ; ಬಿಗಿದ ಮುಚ್ಚಳವಿರುವ ತೆಳು ತಗಡಿನ ಹಂಡೆಯಾದರೆ ಒಳಕ್ಕೆ ಕುಸಿಯಲೂಬಹುದು. ಬಾಯಿ ಯಾವಾಗಲೂ ನೀರಿನಿಂದ ಎರಡು ಬೆರಳು ಮೇಲಿರಲಿ. ಡ್ರಮ್ಮಿನ ತಣ್ಣೀರನ್ನು ಹನಿ ಪೂರ್ತಿ ನಿಲ್ಲುವವರೆಗೆ ಬಿಟ್ಟೇ ಇರಿ. ಮುಚ್ಚಳವನ್ನು ಅರ್ಧ ಗಂಟೆ ಕಳೆದ ಮೇಲೆ, ಮುಖ ಪಕ್ಕಕ್ಕೆ ಮಾಡಿ, ದೂರದ ಅಂಚಿನಿಂದ ಎತ್ತಿ.

ತೆಗೆದ ಹುಲ್ಲನ್ನು ಮೂರು ನಾಲ್ಕು ದಿನ ಬಿಸಿಲಿಗೆ ಹರಡಿದರೆ ಒಳ್ಳೆಯ ಉರುವಲು. ಹುಲ್ಲಿನ ಬೆಂಕಿ ಭರ್ರನೆ ಎದ್ದು ಅಷ್ಟೇ ಬೇಗ ಆರುವುದರಿಂದ ಅದು ಮುಂದಿನ ಬಟ್ಟಿಯ ಮೊದಲ 50 ನಿಮಿಷಕ್ಕೆ ಮಾತ್ರ. ಹನಿ ಬಿದ್ದ ಮೇಲೆ ಕಾಫಿ ಸೌದೆಯ ಕೆಂಡವೇ ಬೇಕು.